ಮಾವನ ಎರಡು ಟ್ರಂಕು, ಮೂರು ಸ್ಕ್ಯಾನರ್: ಬದಿಯಡ್ಕದ ಒಂದು ನೆಗೆಟಿವ್ ಸಂಗ್ರಹದ ಪ್ರಕರಣ

ಮಾವ ಬದಿಯಡ್ಕ ಪೇಟೆಯಲ್ಲಿ 1969ರಿಂದ 2006ರ ತನಕ ಫೋಟೋ ಸ್ಟುಡಿಯೋ ನಡೆಸಿದರು. ಅವರು ತೀರಿಕೊಂಡ ಮೇಲೆ ಅತ್ತೆ ಎರಡು ತಗಡಿನ ಟ್ರಂಕು ತಂದು ಜಗಲಿಯಲ್ಲಿ ಇಟ್ಟರು. "ಇದರಲ್ಲಿ ಅರ್ಧ ಕುಂಬಳೆ ಸೀಮೆಯ ಮದುವೆ ಉಂಟು. ಬಿಸಾಡಲಿಕ್ಕೆ ಮನಸ್ಸು ಬರುವುದಿಲ್ಲ. ಏನಾದರೂ ಮಾಡು" ಅಂದರು.

ಒಂದು ಟ್ರಂಕು ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಇತ್ತು. ಇನ್ನೊಂದು ಮನೆಯಲ್ಲಿ, ಅಡುಗೆ ಒಲೆಯ ಮೇಲಿನ ಅಟ್ಟದಲ್ಲಿ. ಈ ವ್ಯತ್ಯಾಸ ಮುಂದೆ ಎಷ್ಟು ದೊಡ್ಡದಾಗುತ್ತದೆ ಅಂತ ಆಗ ಗೊತ್ತಿರಲಿಲ್ಲ. ಸ್ಟುಡಿಯೋದ ಟ್ರಂಕಿನಲ್ಲಿ ಬೂಷ್ಟು. ಕಾಸರಗೋಡಿನ ಮಳೆಗಾಲ ನಾಲ್ಕು ತಿಂಗಳು ಸುರಿಯುತ್ತದೆ, ಗೋಡೆಯೇ ಬೆವರುತ್ತದೆ, ಇನ್ನು ಫಿಲ್ಮಿನ ಮೇಲೆ ಚಿತ್ರ ಹಿಡಿದಿಟ್ಟ ಜೆಲಟಿನ್ ಪದರ ಉಳಿಯುತ್ತದಾ? ಅಟ್ಟದ ಟ್ರಂಕು ಒಣಗಿತ್ತು, ಮಸಿ ಹಿಡಿದಿತ್ತು, ಬೂಷ್ಟು ಒಂದು ಚೂರೂ ಇರಲಿಲ್ಲ. ಆದರೆ ಮುಚ್ಚಳ ತೆಗೆದ ಕೂಡಲೇ ಹುಳಿ ವಾಸನೆ ಮೂಗಿಗೆ ಹೊಡೆಯಿತು. ವಿನೆಗರ್ ವಾಸನೆ. ಹಳೆ ಫಿಲ್ಮಿನ ತಳ ಸೆಲ್ಯುಲೋಸ್ ಅಸಿಟೇಟ್. ಬಿಸಿಗೂ ತೇವಕ್ಕೂ ಅದು ಮೆಲ್ಲ ಒಡೆದು ಅಸಿಟಿಕ್ ಆಮ್ಲ ಬಿಡುತ್ತದೆ. ಆ ಆಮ್ಲವೇ ಮತ್ತೆ ಒಡೆಯುವುದನ್ನು ಜೋರು ಮಾಡುತ್ತದೆ. ಒಂದು ರೋಲಿನಿಂದ ಪಕ್ಕದ ರೋಲಿಗೂ ದಾಟುತ್ತದೆ. ಅಂದರೆ ಒಂದು ಟ್ರಂಕನ್ನು ತೇವ ತಿಂದಿತ್ತು, ಇನ್ನೊಂದನ್ನು ಶಾಖ.

ಈ ಬರಹ ಆ ಎರಡು ಟ್ರಂಕುಗಳನ್ನು ಸ್ಕ್ಯಾನ್ ಮಾಡಿದ ಕಥೆ. ಯಾವ ಸ್ಕ್ಯಾನರ್ ತಗೊಳ್ಳಲಿ ಅಂತ ನನ್ನನ್ನು ಕೇಳುವವರು ಜಾಸ್ತಿ. ಅವರಿಗೆಲ್ಲ ನಾನು ತಿರುಗಿ ಕೇಳುವುದು ಒಂದೇ: ನಿಮ್ಮ ಟ್ರಂಕಿನಲ್ಲಿ ಏನಿದೆ? ಅದನ್ನು ಎಣಿಸದೆ ಸ್ಕ್ಯಾನರ್ ಆರಿಸಲು ಆಗುವುದಿಲ್ಲ. ನಾನು ಮೊದಲು ಎಣಿಸದೆ ಹೊರಟೆ, ಅದಕ್ಕೇ ಎರಡು ತಿಂಗಳು ಹೋಯಿತು.

ಮೊದಲ ಪ್ರಯತ್ನ

ಮೊದಲು 120 ಫ್ರೇಮ್‌ಗಳನ್ನು ಹತ್ತಿರದ ಪಟ್ಟಣದ ಒಂದು ಲ್ಯಾಬಿಗೆ ಕೊಟ್ಟೆ. ವಾರದ ಮೇಲೆ ಪೆನ್‌ಡ್ರೈವ್ ಬಂತು. ಪ್ರತಿ ಚಿತ್ರ 1800 ಗುಣಿಸು 1200 ಪಿಕ್ಸೆಲ್, ಅಂದರೆ ಎರಡು ಮೆಗಾಪಿಕ್ಸೆಲ್ ಚಿಲ್ಲರೆ. ಮೊಬೈಲಿನಲ್ಲಿ ಚೆಂದ ಕಾಣುತ್ತಿತ್ತು. ಸ್ವಲ್ಪ ದೊಡ್ಡದು ಮಾಡಿದರೆ ಮುಖಗಳೆಲ್ಲ ಮೇಣದ ಗೊಂಬೆ. ಅಂಚು ಕತ್ತರಿಸಿ ಹೋಗಿತ್ತು. ಒಂದು ಶಾಲಾ ಗ್ರೂಪ್ ಫೋಟೋದಲ್ಲಿ ಎಡತುದಿಯ ಹುಡುಗಿ ಅರ್ಧ ಮಾತ್ರ ಉಳಿದಿದ್ದಳು. ನೆಗೆಟಿವ್ ಹಿಡಿದು ನೋಡಿದರೆ ಅವಳು ಪೂರ್ತಿ ಇದ್ದಾಳೆ, ಕೈಯಲ್ಲಿ ಸ್ಲೇಟು ಸಮೇತ.

ಆ ದಿನ ತೀರ್ಮಾನ ಮಾಡಿದೆ, ಇದನ್ನು ಮನೆಯಲ್ಲೇ ಮಾಡಬೇಕು. ಅತ್ತೆಯ ಮಕ್ಕಳು ಬೆಂಗಳೂರು, ಮಂಗಳೂರಲ್ಲಿದ್ದಾರೆ. ಎಲ್ಲರೂ ಸೇರಿ 60,000 ರೂಪಾಯಿ ಹೊಂದಿಸಿದೆವು. ಸ್ಕ್ಯಾನರ್, ಹಾರ್ಡ್‌ಡಿಸ್ಕ್, ಫಿಲ್ಮ್ ಇಡುವ ಸ್ಲೀವ್, ಎಲ್ಲ ಅದರಲ್ಲೇ ಆಗಬೇಕು.

ಎಣಿಕೆ

ಹಳೆ ಟ್ಯಾಬ್ಲೆಟ್ ಒಂದರ ಪರದೆಯನ್ನು ಪೂರ್ತಿ ಬಿಳಿ ಮಾಡಿ ಮೇಜಿನ ಮೇಲೆ ಮಲಗಿಸಿದೆ. ಅದರ ಮೇಲೆ ಒಂದಿಂಚು ಎತ್ತರದಲ್ಲಿ ಗಾಜು. ಗಾಜಿನ ಮೇಲೆ ನೆಗೆಟಿವ್. ಮೇಲಿನಿಂದ ಮೊಬೈಲಿನಲ್ಲಿ ಒಂದು ಫೋಟೋ, ಮೊಬೈಲಿನಲ್ಲೇ ಬಣ್ಣ ತಿರುಗಿಸಿದರೆ ಪಾಸಿಟಿವ್. ಆ ಒಂದಿಂಚು ಅಂತರ ಬೇಕೇ ಬೇಕು, ಇಲ್ಲದಿದ್ದರೆ ಪರದೆಯ ಪಿಕ್ಸೆಲ್ ಚುಕ್ಕಿಗಳೇ ಚಿತ್ರದಲ್ಲಿ ಮೂಡುತ್ತವೆ. ಇದು ಸ್ಕ್ಯಾನ್ ಅಲ್ಲ, ಸೂಚಿ ಮಾತ್ರ. ಯಾವ ಸ್ಟ್ರಿಪ್‌ನಲ್ಲಿ ಏನಿದೆ ಅಂತ ಗೊತ್ತಾದರೆ ಸಾಕು.

ಮಾವನ ಲಕೋಟೆಗಳ ಮೇಲೆ ಪೆನ್ಸಿಲಿನ ಕನ್ನಡ ಬರಹ. "ಪೆರ್ಲ ಮದುವೆ, ಹುಡುಗಿ ಕಡೆ." "ನೀರ್ಚಾಲು, ಉಪನಯನ." "ಮುಳ್ಳೇರಿಯ, ಬೊಜ್ಜ, 6 ಪ್ರತಿ." (ಬೊಜ್ಜ ಅಂದರೆ ಉತ್ತರಕ್ರಿಯೆ.) ಕೆಲವು ಕಡೆ ಗಿರಾಕಿಯೇ ಬರೆದ ಮಲಯಾಳಂ. ಆ ಬರಹವನ್ನೂ ಫೋಟೋ ತೆಗೆದು ಇಟ್ಟುಕೊಂಡೆ. ಲಕೋಟೆ ಹೋದರೆ ಊರು, ಮನೆ, ವರ್ಷ ಎಲ್ಲ ಹೋದ ಹಾಗೆ. ಸ್ಕ್ಯಾನ್ ಮಾಡುವವರು ಫಿಲ್ಮನ್ನು ಹೊಸ ಸ್ಲೀವಿಗೆ ಹಾಕಿ ಲಕೋಟೆ ಎಸೆಯುವುದನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಮೂರು ವಾರದ ಕೊನೆಗೆ ಲೆಕ್ಕ ಹೀಗಿತ್ತು. 35 ಎಂಎಂ ಕಪ್ಪುಬಿಳುಪು ಸುಮಾರು 2,600 ಫ್ರೇಮ್, ಹೆಚ್ಚಿನದು ಪೂರ್ವ ಜರ್ಮನಿಯ ಓರ್ವೋ ಫಿಲ್ಮ್. 35 ಎಂಎಂ ಬಣ್ಣದ್ದು ಸುಮಾರು 1,900, ಎಲ್ಲ 1986ರ ನಂತರದ್ದು. ಮತ್ತೆ '120' ಅನ್ನುವ ಅಳತೆಯ ಅಗಲ ಫಿಲ್ಮ್ ರೋಲಿನ ಆರು ಗುಣಿಸು ಆರು ಸೆಂಟಿಮೀಟರ್ ಚೌಕಗಳು ಸುಮಾರು 850, ಎಲ್ಲ ಕಪ್ಪುಬಿಳುಪು. ಇವುಗಳಲ್ಲಿ ಕೆಲವು ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ 'ಇಂದು' ಫಿಲ್ಮ್. ನಮ್ಮ ಊರಿನ ಮದುವೆಗಳು ನೀಲಗಿರಿಯಲ್ಲಿ ತಯಾರಾದ ಫಿಲ್ಮಿನ ಮೇಲೆ ಕೂತಿವೆ ಅಂತ ನನಗೆ ಗೊತ್ತೇ ಇರಲಿಲ್ಲ.

ಈ ಮೂರು ಗುಂಪು ಕಣ್ಣ ಮುಂದೆ ಬಂದ ಮೇಲೆ ಸ್ಕ್ಯಾನರ್ ಪ್ರಶ್ನೆ ಸುಲಭವಾಯಿತು. ಬೆಳ್ಳಿಯ, ಅಂದರೆ ಕಪ್ಪುಬಿಳುಪಿನ ಚಿತ್ರ ಯಾವುದು, ಬಣ್ಣದ ಚಿತ್ರ ಯಾವುದು, 35ಕ್ಕಿಂತ ದೊಡ್ಡದು ಯಾವುದು. ಮೂರಕ್ಕೂ ಒಂದೇ ಯಂತ್ರ ಒಗ್ಗುವುದಿಲ್ಲ.

ಮೂರು ಯಂತ್ರ, ಒಂದು ಚೌಕಿ

ನನ್ನ ಕೈಗೆ ಸಿಕ್ಕಿದ್ದು ಮೂರು ಯಂತ್ರ. ಎಪ್ಸನ್ ವಿ600, ಇದು ಫ್ಲಾಟ್‌ಬೆಡ್, ಅಂದರೆ ಕಾಗದ ಸ್ಕ್ಯಾನ್ ಮಾಡುವ ಯಂತ್ರದ ಮುಚ್ಚಳದಲ್ಲೇ ಫಿಲ್ಮಿಗೆ ಬೆಳಕು ಇರುವಂಥದ್ದು. ಮಂಗಳೂರಿನ ಒಬ್ಬ ಗೆಳೆಯ ಎರವಲು ಕೊಟ್ಟ. ಪ್ಲಸ್‌ಟೆಕ್ ಆಪ್ಟಿಕ್‌ಫಿಲ್ಮ್ 8200ಐ, ಇದು 35 ಎಂಎಂಗೆ ಮಾತ್ರ ಇರುವ ಫಿಲ್ಮ್ ಸ್ಕ್ಯಾನರ್, ಹೊಸದಾಗಿ ಸಿಗುವಂಥದ್ದು, ಪುತ್ತೂರಿನ ಪರಿಚಿತರೊಬ್ಬರಲ್ಲಿ ಇತ್ತು. ಮೂರನೆಯದು ನಿಕಾನ್ ಕೂಲ್‌ಸ್ಕ್ಯಾನ್ ವಿ ಇಡಿ. ಅದೂ 35 ಎಂಎಂಗೇ. ತಯಾರಿ ನಿಂತು ಹತ್ತು ವರ್ಷದ ಮೇಲಾಯಿತು, ಈಗ ಸೆಕೆಂಡ್‌ಹ್ಯಾಂಡ್ ಮಾತ್ರ. ಮಾರಾಟಕ್ಕಿದ್ದ ಒಂದನ್ನು ಎರಡು ದಿನ ಇಟ್ಟುಕೊಂಡು ನೋಡಲು ಒಬ್ಬರು ಕೊಟ್ಟರು.

ಡಬ್ಬಿಯ ಮೇಲಿನ ಸಂಖ್ಯೆ ನೋಡಿದರೆ ಗೆಲ್ಲುವುದು ಪ್ಲಸ್‌ಟೆಕ್: 7200 ಡಿಪಿಐ. ಎಪ್ಸನ್ 6400. ಕೂಲ್‌ಸ್ಕ್ಯಾನ್ ಪಾಪ, 4000 ಮಾತ್ರ. ಆದರೆ ಆ ಸಂಖ್ಯೆ ಹೇಳುವುದು ಯಂತ್ರ ಒಂದಿಂಚಿನಲ್ಲಿ ಎಷ್ಟು ಸಲ ಅಳೆಯುತ್ತದೆ ಅಂತ. ಅಳೆದದ್ದರಲ್ಲಿ ಎಷ್ಟು ಬೇರೆ ಬೇರೆಯಾಗಿ ಕಾಣುತ್ತದೆ ಅನ್ನುವುದು ಬೇರೆ ಮಾತು. ಅದನ್ನು ಲೆನ್ಸು, ಫೋಕಸ್, ಯಂತ್ರದ ಅಲುಗಾಟ ಎಲ್ಲ ಸೇರಿ ತೀರ್ಮಾನಿಸುತ್ತವೆ. ಇದನ್ನು ಅಳೆಯಲು ಗಾಜಿನ ಮೇಲೆ ಸಣ್ಣ ಸಣ್ಣ ಗೆರೆಗಳಿರುವ ಪರೀಕ್ಷಾ ಪಟ್ಟಿ ಸಿಗುತ್ತದೆ. ಅಂಥ ಪರೀಕ್ಷೆಗಳಲ್ಲಿ ವಿ600 ನಿಜವಾಗಿ ಕೊಡುವುದು 1500 ಡಿಪಿಐ ಆಸುಪಾಸು, 8200ಐ 3200 ಆಸುಪಾಸು, ಕೂಲ್‌ಸ್ಕ್ಯಾನ್ 4000ಕ್ಕೆ ತೀರಾ ಹತ್ತಿರ. ಸಾಲು ಅದಲುಬದಲಾಗಿಬಿಟ್ಟಿತು, ಅಲ್ವಾ?

ನನ್ನ ಬಳಿ ಗಾಜಿನ ಪಟ್ಟಿ ಇರಲಿಲ್ಲ. ಮಾವನ ಒಂದು ನೆಗೆಟಿವ್ ಇತ್ತು.

ಅದು ಎಪ್ಪತ್ತರ ದಶಕದ ಒಂದು ಆಟದ ಚೌಕಿ. ಊರಿನ ಹೊರಗಿನವರಿಗಾಗಿ ಹೇಳುತ್ತೇನೆ: ಚೌಕಿ ಅಂದರೆ ಯಕ್ಷಗಾನದ ಬಣ್ಣದ ಮನೆ. ಫ್ಲ್ಯಾಷ್ ಹಾಕಿ ದೂರದಿಂದ ತೆಗೆದದ್ದು. ಚಾಪೆಯ ಸಾಲು, ಪೆಟ್ಟಿಗೆಗಳು, ನೇತಾಡುವ ಕಿರೀಟ. ಮೂಲೆಯಲ್ಲಿ ಒಬ್ಬರು ಕೈಗನ್ನಡಿ ಹಿಡಿದು ಬಣ್ಣದ ವೇಷಕ್ಕೆ ಚಿಟ್ಟಿ ಇಡುತ್ತಿದ್ದಾರೆ. ತೆಂಕುತಿಟ್ಟಿನ ರಾಕ್ಷಸ ವೇಷಕ್ಕೆ ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಮುಳ್ಳುಮುಳ್ಳಾಗಿ ಇಡುವ ಬಿಳಿ ಚುಕ್ಕಿಗಳೇ ಚಿಟ್ಟಿ. ಒಂದೊಂದೇ ಇಟ್ಟು ಮುಗಿಸಲು ಗಂಟೆಗಟ್ಟಲೆ ಬೇಕು. ನೆಗೆಟಿವ್‌ನಲ್ಲಿ ಆ ಮುಖ ಎರಡು ಮಿಲಿಮೀಟರ್. ಒಂದು ಸಾಸಿವೆ ಕಾಳು.

ಲೆಕ್ಕ ಹಾಕಿ ನೋಡಿ. ಇಪ್ಪತ್ತು ಸೆಂಟಿಮೀಟರ್ ಮುಖ ಎರಡು ಮಿಲಿಮೀಟರ್ ಆಗಿದೆ, ಅಂದರೆ ನೂರಕ್ಕೆ ಒಂದು. ಒಂದು ಚಿಟ್ಟಿಗೂ ಇನ್ನೊಂದಕ್ಕೂ ಮೂರು ಮಿಲಿಮೀಟರ್ ಅಂದುಕೊಂಡರೆ ಫಿಲ್ಮಿನ ಮೇಲೆ 0.03 ಮಿಲಿಮೀಟರ್. ಚುಕ್ಕಿ ಒಂದು, ನಡುವಿನ ಸಂದು ಒಂದು, ಎರಡಕ್ಕೂ ಕನಿಷ್ಠ ಒಂದೊಂದು ಪಿಕ್ಸೆಲ್ ಬೇಕು. ಹಾಗಾದರೆ ಪಿಕ್ಸೆಲ್ 0.015 ಮಿಲಿಮೀಟರ್ ಇರಬೇಕು. ಒಂದಿಂಚು 25.4 ಮಿಲಿಮೀಟರ್, ಭಾಗಿಸಿದರೆ ಸುಮಾರು 1700 ಡಿಪಿಐ. ನಿಜವಾದ 1700, ಡಬ್ಬಿಯ ಮೇಲಿನದ್ದಲ್ಲ.

ಎಪ್ಸನ್‌ನಲ್ಲಿ 6400ಕ್ಕೆ ಇಟ್ಟು ಸ್ಕ್ಯಾನ್ ಮಾಡಿದೆ. ಫೈಲು ಭಾರೀ ದೊಡ್ಡದು. ಮುಖದ ಮೇಲೆ ಚಿಟ್ಟಿ ಒಂದು ಬಿಳಿ ಗೆರೆ, ಸುಣ್ಣ ಬಳಿದ ಹಾಗೆ. ಪ್ಲಸ್‌ಟೆಕ್‌ನಲ್ಲಿ ಗೆರೆ ಒಡೆದು ಚುಕ್ಕಿಗಳಾದವು. ಎಡಗೆನ್ನೆಯ ಸಾಲನ್ನು ಎಣಿಸಿದೆ, ಹನ್ನೊಂದು ಸಿಕ್ಕಿದವು. ಬಲಗೆನ್ನೆ ಇನ್ನೂ ಖಾಲಿ, ಅವರು ಅಷ್ಟೇ ಮುಗಿಸಿದ್ದರು. ಕೂಲ್‌ಸ್ಕ್ಯಾನ್‌ನಲ್ಲಿ ಚುಕ್ಕಿಗಳ ಜೊತೆ ಫಿಲ್ಮಿನ ಬೆಳ್ಳಿಯ ಕಾಳೂ ಎದ್ದು ಬಂತು. ಕಡ್ಡಿ ಹಿಡಿದ ಬೆರಳಿನ ಉಗುರು ಕಂಡಿತು. ನಾನು ಆ ರಾತ್ರಿ ತುಂಬಾ ಹೊತ್ತು ಆ ಉಗುರನ್ನೇ ನೋಡುತ್ತಾ ಕೂತಿದ್ದೆ.

ಹಾಗಾದರೆ ಕೂಲ್‌ಸ್ಕ್ಯಾನೇ ತಗೊಳ್ಳಬೇಕಿತ್ತು. ತಗೊಳ್ಳಲಿಲ್ಲ. ಕಾರಣ ಮರುದಿನ ಗೊತ್ತಾಯಿತು.

ಕರಿಬಾಗಿಲಿನ ಮುಂದೆ ಬಿಳಿ ಪಂಚೆ ಉಟ್ಟು ನಿಂತ ಅಜ್ಜನೊಬ್ಬರ ನೆಗೆಟಿವ್ ಹಾಕಿದೆ. ಪಂಚೆಯ ಅಂಚಿನ ಸುತ್ತ ಹೊಗೆ ಹಿಡಿದ ಹಾಗೆ ಕಪ್ಪು ಸೋರಿತ್ತು. ಕಪ್ಪು ಬಾಗಿಲು ಬಿಳಿ ಬಟ್ಟೆಯೊಳಗೆ ನುಗ್ಗಿದಂತೆ. ಅದೇ ಫ್ರೇಮ್ ಪ್ಲಸ್‌ಟೆಕ್‌ನಲ್ಲಿ ಸ್ವಚ್ಛವಾಗಿತ್ತು. ನೆಗೆಟಿವ್‌ನಲ್ಲಿ ಕರಿಬಾಗಿಲು ಪಾರದರ್ಶಕ, ಬಿಳಿ ಪಂಚೆ ಗಾಢ. ಬಾಗಿಲಿನ ಕಡೆಯಿಂದ ಬಂದ ಜೋರು ಬೆಳಕು ಯಂತ್ರದೊಳಗಿನ ಕನ್ನಡಿಯ ಮೇಲಿನ ದೂಳಿಗೆ, ಮಬ್ಬಿಗೆ ತಾಗಿ ಚದುರುತ್ತದೆ. ಚದುರಿದ ಬೆಳಕು ಪಂಚೆಯ ಗಾಢ ಭಾಗದಲ್ಲಿ ಬೀಳುತ್ತದೆ. ಪಾಸಿಟಿವ್ ಮಾಡಿದಾಗ ಅದು ಕಪ್ಪಾಗಿ ತಿರುಗುತ್ತದೆ. ಇದು ಯಂತ್ರದ ವಿನ್ಯಾಸದ ತಪ್ಪಲ್ಲ. ಹದಿನೈದು ಇಪ್ಪತ್ತು ವರ್ಷ ಕರಾವಳಿಯ ತೇವದಲ್ಲಿ ಕೂತ ಯಾವ ಕನ್ನಡಿಯಾದರೂ ಹೀಗಾಗಬಹುದು. ಬಿಚ್ಚಿ ಒರೆಸುವವರು ಇದ್ದಾರೆ. ನನ್ನ ಕೈಯಲ್ಲಿ ಅದು ಆಗುವ ಕೆಲಸವಲ್ಲ. ಹತ್ತಿರದಲ್ಲಿ ರಿಪೇರಿ ಮಾಡುವವರೂ ಇಲ್ಲ.

ಇನ್ನೂ ಒಂದು ತೊಡಕು. ಅದರ ಜೊತೆ ಬಂದ ನಿಕಾನ್ ಸ್ಕ್ಯಾನ್ ತಂತ್ರಾಂಶ 4.0.3ಕ್ಕೇ ನಿಂತಿದೆ, 64 ಬಿಟ್ ವಿಂಡೋಸಿಗೆ ಅಧಿಕೃತವಾಗಿ ಬರಲೇ ಇಲ್ಲ. ವ್ಯೂಸ್ಕ್ಯಾನ್ ಅನ್ನುವ ಬೇರೆ ತಂತ್ರಾಂಶ ಹಾಕಿದರೆ ಯಂತ್ರ ನಡೆಯುತ್ತದೆ, ಅದು ದೊಡ್ಡ ಸಮಸ್ಯೆಯಲ್ಲ. ಆದರೆ ಸಾವಿರಾರು ಫ್ರೇಮ್ ಬಾಕಿ ಇರುವಾಗ ನಡುವೆ ಮೋಟಾರು ನಿಂತರೆ? ಈ ಭಯ ನನ್ನನ್ನು ತಡೆಯಿತು. ಕೈಯಲ್ಲಿ ಇನ್ನೂರು ಒಳ್ಳೆಯ ಸ್ಲೈಡ್, ಹತ್ತಿರದಲ್ಲಿ ಒಬ್ಬ ರಿಪೇರಿಯವರು ಇದ್ದಿದ್ದರೆ ನಾನು ಕಣ್ಣು ಮುಚ್ಚಿ ಕೂಲ್‌ಸ್ಕ್ಯಾನ್ ತಗೊಳ್ಳುತ್ತಿದ್ದೆ.

ಇನ್‌ಫ್ರಾರೆಡ್: ಯಾರಿಗೆ ಬೇಕು, ಯಾರಿಗೆ ಬೇಡ

ಅಂಗಡಿಯವರು ಎಲ್ಲಕ್ಕಿಂತ ಜಾಸ್ತಿ ಹೊಗಳುವುದು ದೂಳು ತೆಗೆಯುವ ಸೌಲಭ್ಯವನ್ನು. ಎಪ್ಸನ್, ನಿಕಾನ್ ಯಂತ್ರಗಳಲ್ಲಿ ಅದರ ಹೆಸರು ಡಿಜಿಟಲ್ ಐಸ್. ಪ್ಲಸ್‌ಟೆಕ್‌ನ ಸಿಲ್ವರ್‌ಫಾಸ್ಟ್ ತಂತ್ರಾಂಶದಲ್ಲಿ ಐಎಸ್‌ಆರ್‌ಡಿ. ಕೆಲಸ ಒಂದೇ. ಬಣ್ಣದ ಫಿಲ್ಮಿನಲ್ಲಿ ಚಿತ್ರ ಇರುವುದು ಡೈಯಲ್ಲಿ, ಅಂದರೆ ಬಣ್ಣ ಕೊಡುವ ರಾಸಾಯನಿಕದಲ್ಲಿ. ಆ ಡೈಗಳ ಮೂಲಕ ಇನ್‌ಫ್ರಾರೆಡ್ ಬೆಳಕು ಸಲೀಸಾಗಿ ಹಾದುಹೋಗುತ್ತದೆ. ದೂಳು, ಗೀರು ಅದನ್ನು ತಡೆಯುತ್ತವೆ. ಹಾಗಾಗಿ ಇನ್‌ಫ್ರಾರೆಡ್‌ನಲ್ಲಿ ಒಂದು ಸಲ ಸ್ಕ್ಯಾನ್ ಮಾಡಿದರೆ ದೂಳಿನ ನಕ್ಷೆ ಮಾತ್ರ ಸಿಗುತ್ತದೆ. ಯಂತ್ರ ಆ ಜಾಗಗಳನ್ನು ಅಕ್ಕಪಕ್ಕದ ಬಣ್ಣದಿಂದ ತುಂಬುತ್ತದೆ.

ಕಪ್ಪುಬಿಳುಪು ಫಿಲ್ಮಿನಲ್ಲಿ ಚಿತ್ರವೇ ಬೆಳ್ಳಿ. ಬೆಳ್ಳಿ ಇನ್‌ಫ್ರಾರೆಡ್ಡನ್ನೂ ತಡೆಯುತ್ತದೆ. ಯಂತ್ರಕ್ಕೆ ಚಿತ್ರವೇ ದೂಳಿನ ಹಾಗೆ ಕಾಣುತ್ತದೆ. ಒಮ್ಮೆ ಮರೆತು ಅದನ್ನು ಆನ್ ಇಟ್ಟೇ ಒಬ್ಬ ಚೆಂಡೆಯವರ ಫ್ರೇಮ್ ಸ್ಕ್ಯಾನ್ ಮಾಡಿದೆ. ಫ್ಲ್ಯಾಷ್ ಬಿದ್ದ ಹಣೆ, ಮೂಗು, ಚೆಂಡೆಯ ಚರ್ಮ ಎಲ್ಲ ಕರಗಿ ತೇಪೆತೇಪೆಯಾಗಿತ್ತು. ಹುಷಾರು. ಕಪ್ಪುಬಿಳುಪಿಗೆ ಅದು ಆಫ್ ಇರಲೇಬೇಕು.

ಇದರಿಂದ ಹಣದ ಮಾತೂ ಬರುತ್ತದೆ. ಪ್ಲಸ್‌ಟೆಕ್ 8100 ಮತ್ತು 8200ಐ ಎರಡರ ಮುಖ್ಯ ವ್ಯತ್ಯಾಸ ಈ ಇನ್‌ಫ್ರಾರೆಡ್ ಒಂದೇ. ನಿಮ್ಮಲ್ಲಿರುವುದು ಬರೀ ಕಪ್ಪುಬಿಳುಪು ಆದರೆ 8100 ಸಾಕು, ಸುಮ್ನೆ ಜಾಸ್ತಿ ಕೊಡಬೇಡಿ. ನಮ್ಮಲ್ಲಿ 1,900 ಬಣ್ಣದ ಫ್ರೇಮ್ ಇದ್ದವು, ಅದರಲ್ಲೂ ಸ್ಟುಡಿಯೋದ ಟ್ರಂಕಿನವು ಗೀರು, ದೂಳು ತುಂಬಿದವು. ಅದಕ್ಕೆ 8200ಐ ತಗೊಂಡೆವು. ಒಂದು ಮಾತು ನೆನಪಿರಲಿ: ಬೂಷ್ಟು ಜೆಲಟಿನ್ನನ್ನೇ ತಿಂದಿದ್ದರೆ ಅಲ್ಲಿ ಡೈಯೇ ಇಲ್ಲ. ಅಲ್ಲಿ ಯಂತ್ರ ಊಹೆ ಮಾಡುತ್ತದೆ. ಸೀರೆಯ ಮೇಲಾದರೆ ಪರವಾಗಿಲ್ಲ. ಕಣ್ಣಿನ ಮೇಲಾದರೆ ನಾನು ಆ ತುಂಬಿಸಿದ ಪ್ರತಿಯ ಜೊತೆ ತುಂಬಿಸದ ಪ್ರತಿಯನ್ನೂ ಇಟ್ಟಿದ್ದೇನೆ.

ಸುರುಳಿ

ಫಿಲ್ಮ್ ಸುರುಳಿ ಸುತ್ತುತ್ತದೆ, ನಾನು ಓದಿದ ಯಾವ ವಿಮರ್ಶೆಯಲ್ಲೂ ಯಾರೂ ಒತ್ತಿ ಹೇಳದ ಸಂಗತಿ ಇದು. ನನ್ನ ಅರ್ಧ ಕಷ್ಟ ಇದರಲ್ಲೇ ಇತ್ತು. ಪ್ಲಸ್‌ಟೆಕ್‌ಗೆ ಆಟೋಫೋಕಸ್ ಇಲ್ಲ. ಫಿಲ್ಮ್ ಹೋಲ್ಡರಿನಲ್ಲಿ ಎಲ್ಲಿ ಇರಬೇಕೋ ಅಲ್ಲೇ ಇರಬೇಕು. ಸ್ಟ್ರಿಪ್ ನಡುವೆ ಉಬ್ಬಿದರೆ ಅಂಚು ಸ್ಪಷ್ಟ, ಮುಖ ಮಸುಕು. ಕೂಲ್‌ಸ್ಕ್ಯಾನ್‌ಗೆ ಆಟೋಫೋಕಸ್ ಇದೆ, ಫೋಕಸ್ ಎಲ್ಲಿ ಅಂತ ನಾವೇ ಬೆರಳಿಟ್ಟು ತೋರಿಸಬಹುದು. ಆದರೆ ಅದರ ಫೋಕಸ್ ಆಳ ಕಡಿಮೆ, ಉಬ್ಬಿದ ಫಿಲ್ಮಿನಲ್ಲಿ ನಡುವೆ ಸರಿ ಮಾಡಿದರೆ ಅಂಚು ಹೋಗುತ್ತದೆ. ಯಂತ್ರ ಯಾವುದಾದರೂ ಫಿಲ್ಮ್ ಚಪ್ಪಟೆ ಇರಲೇಬೇಕು.

ನಾನು ಮಾಡಿದ ತಪ್ಪು: ತೇವ ಹೋಗಲಿ ಅಂತ ಮೂವತ್ತು ಸ್ಟ್ರಿಪ್‌ಗಳನ್ನು ಸಿಲಿಕಾ ಜೆಲ್ ತುಂಬಿದ ಡಬ್ಬಿಯಲ್ಲಿ ಒಂದು ವಾರ ಮುಚ್ಚಿಟ್ಟೆ. ತೆರೆದಾಗ ಎಲ್ಲ ಪೀಪಿಯ ಹಾಗೆ ಸುರುಳಿ. ಜೆಲಟಿನ್ ಒಣಗಿದಷ್ಟೂ ಕುಗ್ಗುತ್ತದೆ, ತಳದ ಪ್ಲಾಸ್ಟಿಕ್ ಅಷ್ಟು ಕುಗ್ಗುವುದಿಲ್ಲ. ಹಾಗಾಗಿ ಎಮಲ್ಶನ್ ಬದಿಗೆ, ಅಂದರೆ ಜೆಲಟಿನ್ ಇರುವ ಬದಿಗೆ, ಮಡಚಿಕೊಳ್ಳುತ್ತದೆ. ಡಬ್ಬಿ ತೆರೆದು ಎರಡು ದಿನ ಕೋಣೆಯ ಗಾಳಿಗೆ ಬಿಟ್ಟೆ. ಆಮೇಲೆ ಪಾಲಿಪ್ರೊಪಿಲೀನ್ ಸ್ಲೀವಿಗೆ ಹಾಕಿ, ಮೇಲೆ ಹಳೆ ಪಂಚಾಂಗಗಳ ಕಟ್ಟು ಹೇರಿ ಎರಡು ವಾರ ಬಿಟ್ಟೆ. ಹೆಚ್ಚಿನವು ಹತೋಟಿಗೆ ಬಂದವು. ಮಳೆಗಾಲ ಮುಗಿದು ಚಳಿ ಶುರುವಾಗುವ ಮೊದಲಿನ ದಿನಗಳು ಈ ಕೆಲಸಕ್ಕೆ ಹದವಾದ ಕಾಲ. ತೀರಾ ತೇವವೂ ಇಲ್ಲ, ತೀರಾ ಒಣವೂ ಇಲ್ಲ.

ಮೋಟಾರು ತಾನಾಗಿ ಎಳೆದುಕೊಳ್ಳುವ ಯಂತ್ರಗಳೂ ಇವೆ. ಪ್ರೈಮ್‌ಫಿಲ್ಮ್ ಎಕ್ಸ್ಎ ಅಂಥದ್ದು, ಆಟೋಫೋಕಸ್ ಕೂಡ ಇದೆ. ಹೊಸ, ಗಟ್ಟಿ ಫಿಲ್ಮ್ ಇದ್ದವರಿಗೆ ಅದು ಸಮಯ ಉಳಿಸುತ್ತದೆ. ಅಂಚಿನ ತೂತು ಹರಿದ, ಮೂಲೆ ಮುರಿದ ಸ್ಟ್ರಿಪ್‌ಗಳನ್ನು ಮೋಟಾರಿನ ಬಾಯಿಗೆ ಕೊಡಲು ನನಗೆ ಧೈರ್ಯ ಬರಲಿಲ್ಲ. ಪ್ಲಸ್‌ಟೆಕ್‌ನ ಹೋಲ್ಡರನ್ನು ಕೈಯಲ್ಲೇ ಒಂದೊಂದು ಫ್ರೇಮ್ ತಳ್ಳಬೇಕು. ಬೇಸರದ ಕೆಲಸ. ಆದರೆ ಫಿಲ್ಮ್ ನನ್ನ ಕೈಯಲ್ಲೇ ಇರುತ್ತದೆ. ಅಷ್ಟು ಹಳೆಯ ಫಿಲ್ಮಿಗೆ ಅದೇ ಸರಿ ಅಂತ ಈಗಲೂ ಅನ್ನಿಸುತ್ತದೆ.

ಇನ್ನು ತೊಳೆಯುವ ಮಾತು. "ನೀರಲ್ಲಿ ಅದ್ದಿ ಒಣಗಿಸಿದರೆ ಬೂಷ್ಟು ಹೋಗುತ್ತದೆ" ಅಂತ ಒಬ್ಬರು ಹೇಳಿದರು. ದಯವಿಟ್ಟು ಬೇಡ. ಬೂಷ್ಟು ಹಿಡಿದ ಜೆಲಟಿನ್ ನೀರಿಗೆ ಕರಗುವ ಹಾಗೆ ಆಗಿರುತ್ತದೆ. ಬೂಷ್ಟಿನ ಜೊತೆ ಚಿತ್ರವೂ ಹೋಗುತ್ತದೆ. ನಾನು ಬಳಸಿದ್ದು ಗಾಳಿಯ ಬಲ್ಬು, ಮೆತ್ತನೆ ಬ್ರಷ್ಷು. ಜೆಲಟಿನ್ ಇಲ್ಲದ ಹೊಳೆಯುವ ಬದಿಗೆ ಮಾತ್ರ 99 ಶೇಕಡದ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಹತ್ತಿ. ಮೆಡಿಕಲ್ ಅಂಗಡಿಯ 70 ಶೇಕಡದ್ದು ಬೇಡ, ಉಳಿದದ್ದು ನೀರೇ. ಅಟ್ಟದ ಮಸಿ ಇದಕ್ಕೆ ಚೆನ್ನಾಗಿ ಬಿಟ್ಟಿತು.

ಕೆಲಸ ನಡೆದ ರೀತಿ

35 ಎಂಎಂನ 4,500ರಲ್ಲಿ ಎಲ್ಲವನ್ನೂ ಮಾಡಲಿಲ್ಲ. ಮೊಬೈಲ್ ಸೂಚಿಯನ್ನು ಅತ್ತೆಯ ಮುಂದೆ ಇಟ್ಟೆ. ಒಂದೇ ಮದುವೆಯ ಧಾರೆ ಆರು ಸಲ ಇದ್ದರೆ ಎರಡು ಆರಿಸಿದರು. ಕಪ್ಪುಬಿಳುಪು 1,000, ಬಣ್ಣದ್ದು 700 ಉಳಿದವು. ಕಪ್ಪುಬಿಳುಪಿಗೆ ಫ್ರೇಮ್ ಒಂದಕ್ಕೆ ಎರಡೂವರೆ ನಿಮಿಷ, ಇನ್‌ಫ್ರಾರೆಡ್ ಸೇರಿ ಬಣ್ಣದ್ದಕ್ಕೆ ನಾಲ್ಕು, ಒರೆಸುವುದೂ ಹೋಲ್ಡರಿಗೆ ಹಾಕುವುದೂ ಸೇರಿ. ಒಟ್ಟು ತೊಂಬತ್ತು ಗಂಟೆ ಹತ್ತಿರ. ದಿನಕ್ಕೆ ಎರಡು ಗಂಟೆ ಕೂತು ಮಾಡಿದರೆ ಒಂದೂವರೆ ತಿಂಗಳು. ಕರೆಂಟು, ಮದುವೆ, ಅಡಿಕೆ ಕೊಯ್ಲು ಎಲ್ಲ ಸೇರಿ ನಾಲ್ಕು ತಿಂಗಳು ಹಿಡಿಯಿತು.

ಸಾಮಾನ್ಯ ಫ್ರೇಮ್‌ಗಳಿಗೆ 3600 ಡಿಪಿಐ. 36 ಗುಣಿಸು 24 ಮಿಲಿಮೀಟರ್ ಫ್ರೇಮಿಗೆ ಅದು 17 ಮೆಗಾಪಿಕ್ಸೆಲ್. ಬಣ್ಣದ್ದು 48 ಬಿಟ್ ಟಿಫ್ ಆದರೆ ಒಂದು ಫೈಲು 104 ಎಂಬಿ, ಕಪ್ಪುಬಿಳುಪು 16 ಬಿಟ್ಟಿನದು 35 ಎಂಬಿ. ಅದೇ 7200ರಲ್ಲಿ ಬಣ್ಣದ್ದು 400 ಎಂಬಿ ದಾಟುತ್ತದೆ, ವಿವರ ಮಾತ್ರ ನಾಲ್ಕು ಪಟ್ಟಾಗುವುದಿಲ್ಲ. ಆದರೂ ಚೌಕಿಯಂಥ 60 ಫ್ರೇಮ್‌ಗಳನ್ನು 7200ರಲ್ಲೇ ಮಾಡಿ ಅರ್ಧಕ್ಕೆ ಇಳಿಸಿದೆ. ಈ ಯಂತ್ರ ತನ್ನ ಪೂರ್ತಿ 3200 ಕೊಡುವುದು ಹಾಗೆ ಮಾಡಿದರೇ. ಚಿಟ್ಟಿಯಲ್ಲಿ ವ್ಯತ್ಯಾಸ ಕಂಡಿತು, ಸ್ವಲ್ಪವೇ, ಆದರೆ ಕಂಡಿತು. ಕಿರೀಟ, ಮುಖದ ಮೇಲೆ ಫ್ಲ್ಯಾಷ್ ಜೋರಾಗಿ ಬಿದ್ದ ಕಡೆ ನೆಗೆಟಿವ್ ತುಂಬಾ ಗಾಢ. ಅಂಥಲ್ಲಿ ಸಿಲ್ವರ್‌ಫಾಸ್ಟ್‌ನ ಮಲ್ಟಿ ಎಕ್ಸ್‌ಪೋಶರ್ ಉಪಯೋಗಕ್ಕೆ ಬಂತು. ಎರಡು ಸಲ ಬೇರೆ ಬೇರೆ ಬೆಳಕಿನ ಮಟ್ಟದಲ್ಲಿ ಸ್ಕ್ಯಾನ್ ಮಾಡಿ ಸೇರಿಸುತ್ತದೆ.

120 ಅಳತೆಯ ರೋಲುಗಳಿಗೆ ಪ್ಲಸ್‌ಟೆಕ್‌ನ ಬಾಗಿಲೇ ಚಿಕ್ಕದು. ಅವಕ್ಕೆ ಗೆಳೆಯನ ವಿ600. ಇಲ್ಲಿ ಅದನ್ನು ಮನಸಾರೆ ಹೊಗಳಬೇಕು. 35 ಎಂಎಂಗೆ ಸಾಲದ 1500 ಡಿಪಿಐ, 56 ಮಿಲಿಮೀಟರ್ ಚೌಕಕ್ಕೆ ಬಂದರೆ ಹತ್ತಿರ 11 ಮೆಗಾಪಿಕ್ಸೆಲ್ ನಿಜವಾದ ವಿವರ. ಹನ್ನೆರಡು ಇಂಚಿನ ಪ್ರಿಂಟಿಗೆ ಧಾರಾಳ. 2400ಕ್ಕೆ ಇಟ್ಟು 640 ಫ್ರೇಮ್ ಮುಗಿಸಿದೆ. ಫಿಲ್ಮ್ ಗಾಜಿಗೆ ತಾಗಿದರೆ ಕಾಮನಬಿಲ್ಲಿನಂಥ ಉಂಗುರಗಳು ಬೀಳುತ್ತವೆ, ನ್ಯೂಟನ್ ಉಂಗುರ ಅನ್ನುತ್ತಾರೆ. ಹೋಲ್ಡರಿನಲ್ಲಿ ಎಮಲ್ಶನ್ ಬದಿ ಯಾವುದು ಅಂತ ನೋಡಿ ಇಟ್ಟು, ಜೋತುಬಿದ್ದವನ್ನು ಮತ್ತೆ ಚಪ್ಪಟೆ ಮಾಡಿಯೇ ಹಾಕಿದೆ.

ಎಲ್ಲ ಸೇರಿ 150 ಜಿಬಿ. ಎರಡು ಡಿಸ್ಕಿನಲ್ಲಿದೆ, ಒಂದು ಬದಿಯಡ್ಕದಲ್ಲಿ, ಒಂದು ಬೆಂಗಳೂರಲ್ಲಿ. ಫೈಲಿನ ಹೆಸರು ಮಾವನ ಲಕೋಟೆಯ ಹೆಸರೇ, ಕನ್ನಡದಲ್ಲೇ.

ಚೌಕಿಯ ಚಿತ್ರವನ್ನು ಪ್ರಿಂಟ್ ಹಾಕಿಸಿ ಹಿರಿಯ ವೇಷಧಾರಿಯೊಬ್ಬರ ಮನೆಗೆ ತೆಗೆದುಕೊಂಡು ಹೋಗಿದ್ದೆ. ಯಾರು ಅಂತ ಗುರುತಿಸಬಹುದೇನೋ ಅಂತ ಆಸೆ. ಅವರು ಕನ್ನಡಕ ಹಾಕಿ ಮುಖದ ಕಡೆ ನೋಡಲೇ ಇಲ್ಲ. ಚಿಟ್ಟಿಯ ಸಾಲಿನ ಮೇಲೆ ಬೆರಳು ಓಡಿಸಿದರು. "ಇದು ಕಣ್ಣಿನ ಕೆಳಗಿಂದ ಶುರು ಮಾಡಿದ್ದು. ನಮ್ಮ ಕಡೆ ಹೀಗೆ ಇಡುತ್ತಿದ್ದವರು ಇಬ್ಬರೇ" ಅಂದರು. ಎರಡೂ ಹೆಸರು ಹೇಳಿದರು. ಇಬ್ಬರೂ ಈಗ ಇಲ್ಲ. ಫೈಲಿನಲ್ಲಿ ಎರಡು ಹೆಸರನ್ನೂ ಬರೆದಿಟ್ಟಿದ್ದೇನೆ, ಮುಂದೆ ಯಾರಾದರೂ ಒಂದನ್ನು ಹೊಡೆದುಹಾಕಬಹುದು.

ಬಾಕಿ ಇರುವುದು

120 ಅಳತೆಯ ಫಿಲ್ಮಿನಲ್ಲಿ 210 ಫ್ರೇಮ್ ಇನ್ನೂ ಆಗಿಲ್ಲ. ಅಟ್ಟದ ಟ್ರಂಕಿನವು, ಹುಳಿ ವಾಸನೆ ತುಂಬಾ ಜೋರು. ಕೆಲವು ರೋಲುಗಳು ಒಂದಕ್ಕೊಂದು ಅಂಟಿವೆ, ಬಿಡಿಸಲು ಹೋದರೆ ಚಿತ್ರ ಸುಲಿದು ಬರುತ್ತದೆ. ಅವನ್ನು ಉಳಿದವುಗಳಿಂದ ಬೇರೆ ಮಾಡಿ ಕಾಗದದ ಲಕೋಟೆಯಲ್ಲಿ, ಗಾಳಿ ಆಡುವ ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿದರೆ ಆಮ್ಲ ಒಳಗೇ ಉಳಿದು ಇನ್ನಷ್ಟು ತಿನ್ನುತ್ತದೆ. ಅಟ್ಟಕ್ಕಂತೂ ಮತ್ತೆ ಹಾಕಲಿಲ್ಲ. ಮನೆಯಲ್ಲಿ ಎಲ್ಲಕ್ಕಿಂತ ತಂಪಾದ ಜಾಗ ಅಂದರೆ ದೇವರ ಕೋಣೆಯ ಪಕ್ಕದ ಉಗ್ರಾಣ, ಪೆಟ್ಟಿಗೆ ಅಲ್ಲಿದೆ. ಅಂಟದೆ ಸುರುಳಿ ಸುತ್ತಿದ 40 ಫ್ರೇಮ್‌ಗಳನ್ನು ಈ ಮಳೆ ಮುಗಿದ ಕೂಡಲೇ ವಿ600ಕ್ಕೆ ಹಾಕುತ್ತೇನೆ. ಗೆಳೆಯನಿಗೆ ಈಗಲೇ ಹೇಳಿಟ್ಟಿದ್ದೇನೆ, ನವರಾತ್ರಿಗೆ ಯಂತ್ರ ತರುತ್ತಾನೆ.